ಕುಂಕುಮ ಸಿಗದ ಕರಡಿ ಪುಸ್ತಕ

ಈ ದಸರೆಗೆ ನಮ್ಮ ನ್ಯಾಮತಿಯ ವಾಚನಾಲಯದಲ್ಲಿ ಎಲ್ಲ ದಪ್ಪ ಪುಸ್ತಕಗಳಿಗೂ ಕುಂಕುಮ ಸಿಕ್ಕಿತು. ಕರಡಿಗೆ ಮಾತ್ರ ಸಿಗಲಿಲ್ಲ.

ಯಾವ ಕರಡಿ ಅಂತೀರಾ? ಕೊಡೆ ಹಿಡಿದುಕೊಂಡು ಸಂತೆಗೆ ಹೊರಟ ಕರಡಿ. ದಪ್ಪ ಅಕ್ಷರದ, ಪುಟಕ್ಕೊಂದು ಚಿತ್ರವಿರುವ ಮಕ್ಕಳ ಪುಸ್ತಕದ್ದು. ಅದರ ಸಲುವಾಗಿ ಊರಲ್ಲಿ ಜಗಳ ಎದ್ದಿದೆ. ಎಬ್ಬಿಸಿದವಳು ನಾನೇ. ಜಗಳ ಇನ್ನೂ ಮುಗಿದಿಲ್ಲ, ಮುಗಿಸುವ ಆತುರವೂ ನನಗಿಲ್ಲ.

ಮೊದಲಿನಿಂದ ಹೇಳುತ್ತೇನೆ. ಚನ್ನಗಿರಿಯಲ್ಲಿ ಪುಸ್ತಕದ ಹುಚ್ಚಿನ, ನಸ್ಯದ ಚಟದ ವಕೀಲರೊಬ್ಬರಿದ್ದರು. ಅವರು ತೀರಿಕೊಂಡ ಮೇಲೆ ಮನೆಯವರು ಪುಸ್ತಕಗಳನ್ನೆಲ್ಲ ನಮ್ಮ ವಾಚನಾಲಯಕ್ಕೆ ಕೊಟ್ಟರು. (ಹೊನ್ನಾಳಿಯವರು ಇದನ್ನು ಓದಿ ಮುಖ ಊದಿಸಿಕೊಳ್ಳಬೇಡಿ. ನಾವು ಹೋಗಿ ಕೇಳಿದೆವು, ನೀವು ಕೇಳಲಿಲ್ಲ, ಅಷ್ಟೆ.) ಪೆಟ್ರೋಲಿಲ್ಲದ ಈ ಯುದ್ಧಕಾಲದ ಇದ್ದಿಲು ಬಸ್ಸಿನ ನೆತ್ತಿಯ ಮೇಲೆ ಎರಡು ಟ್ರಂಕು ಬಂದವು. ಒಂದರಲ್ಲಿ ವ್ಯಾಕರಣ, ತರ್ಕ, ಛಂದಸ್ಸು, ವೈದ್ಯ, ಶಿಲಾಶಾಸನಗಳ ದಪ್ಪ ದಪ್ಪ ಸಂಪುಟಗಳು. ಕ್ಯಾಲಿಕೋ ಬಟ್ಟೆಯ ಬೈಂಡು, ಬೆನ್ನಿನ ಮೇಲೆ ಬಂಗಾರದ ಅಕ್ಷರ. ಇನ್ನೊಂದರ ತುಂಬ ಮಕ್ಕಳ ಪುಸ್ತಕ. ನರಿ, ಮೊಲ, ರಾಜಕುಮಾರಿ, ಕರಡಿ.

ವಕೀಲರಿಗೆ ಮಕ್ಕಳಿರಲಿಲ್ಲ. ಆದರೆ ಆ ಮಕ್ಕಳ ಪುಸ್ತಕಗಳ ಪುಟ ಪುಟದಲ್ಲೂ ನಸ್ಯದ ಕಲೆ ಇತ್ತು. ಯಾರು ಓದಿದ್ದರು ಅಂತ ಬೇರೆ ಹೇಳಬೇಕೇ? ನನಗೆ ಆ ಸತ್ತ ಮನುಷ್ಯನ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು.

ನಮ್ಮ ವಾಚನಾಲಯದ ಕಾರ್ಯದರ್ಶಿಗಳಿಗೆ ಹುಟ್ಟಲಿಲ್ಲ. ಅವರು ಪೆನ್ಷನ್ ಪಡೆಯುವ ಶಿರಸ್ತೇದಾರರು. ಕಚೇರಿ ಬಿಟ್ಟರೂ ಕಚೇರಿ ಅವರನ್ನು ಬಿಟ್ಟಿಲ್ಲ. ಎರಡನೆಯ ಟ್ರಂಕಿನ ಮುಚ್ಚಳ ತೆಗೆದವರು ಹಾಗೇ ಮುಚ್ಚಿದರು.

"ಇದು ವಿದ್ವಾಂಸರು ಬರುವ ಜಾಗ ಅಮ್ಮಾ. ನರಿ ಕರಡಿಗೆಲ್ಲ ಇಲ್ಲಿ ಸ್ಥಳ ಇಲ್ಲ. ಕಡ್ಲೆಕಾಯಿ ಹುರಿಯೋ ಅಂಗಡಿಯವನು ಪೊಟ್ಟಣಕ್ಕೆ ಕಾಗದ ಇಲ್ಲಾಂತ ಪೇಚಾಡ್ತಿದ್ದಾನೆ. ದಸರೆ ಮುಗಿದ ಮೇಲೆ ಅವನಿಗೆ ಕೊಟ್ಟುಬಿಡೋಣ" ಅಂದರು.

ಯುದ್ಧ ಶುರುವಾದಾಗಿನಿಂದ ಕಾಗದಕ್ಕೆ ಬಂದಿರುವ ಬರ ನನಗೂ ಗೊತ್ತು. ಹುಡುಗಿಯರ ಸ್ಕೂಲಿನ ಟೀಚರು ನಾನು, ಒಂದೇ ಹಾಳೆಯಲ್ಲಿ ಎರಡು ಸಲ ಬರೆಸುತ್ತಿದ್ದೇನೆ. ಆದರೆ ಪೊಟ್ಟಣವೇ ಬೇಕಿದ್ದರೆ ನಮ್ಮ ಕಮಿಟಿಯ ಹಳೆಯ ವರದಿಗಳಿಲ್ಲವೇ? ಅವನ್ನು ಕೊಡಲಿ. ಈ ಮಾತನ್ನು ಅವರ ಮುಖದ ಮೇಲೇ ಹೇಳಿದೆ. ವಾಚನಾಲಯಕ್ಕೆ ಇರುವ ಹೆಂಗಸು ಮೆಂಬರು ನಾನೊಬ್ಬಳೇ. ನನ್ನ ಮಾತು ಮುಗಿಯುವ ಮೊದಲೇ ಅವರು ಟ್ರಂಕನ್ನು ಮೂಲೆಗೆ ತಳ್ಳಿಸಿದರು.

ಈಗ ಖೈರುನ್‌ಬಿಯ ವಿಷಯ ಹೇಳಬೇಕು. ಜಗಳೂರಿನ ಕಡೆಯ ಹೆಣ್ಣು. ಗಂಡ ಹಾಸಿಗೆಗೆ ಹತ್ತಿ ಹಿಂಜುತ್ತಾನೆ, ಇವಳು ಮನೆ ಮನೆಗೆ ಹೋಗಿ ಕೌದಿ ಹೊಲಿಯುತ್ತಾಳೆ. ನಮ್ಮ ಮನೆಯ ಹಳೆಯ ಸೀರೆಗಳನ್ನೆಲ್ಲ ಕೌದಿ ಮಾಡಿದವಳು ಅವಳೇ. ಹಾಗೆ ಹೊಲಿಯುತ್ತ ಕೂತಿದ್ದಾಗ ಒಂದು ದಿನ, "ಅಕ್ಕೋರೆ, ನಂಗೂ ಅಕ್ಷರ ಹೇಳಿಕೊಡ್ರಿ" ಅಂದಳು. ಹೇಳಿಕೊಟ್ಟೆ. ಸೂಜಿಯ ಕಣ್ಣಿಗೆ ದಾರ ಹಾಕುವ ಕೈ, ಅಕ್ಷರವೂ ಬೇಗ ಹತ್ತಿತು. ಆದರೆ ಸ್ಕೂಲಿನ ಪಠ್ಯದ ಸಣ್ಣಕ್ಷರ ಅವಳ ಕಣ್ಣಿಗೆ ಹಿಡಿಸಲಿಲ್ಲ. ವಕೀಲರ ಟ್ರಂಕಿನಿಂದ ಕರಡಿಯ ಪುಸ್ತಕವನ್ನು ನನ್ನ ಹೆಸರಿಗೆ ಬರೆಸಿ ತಂದುಕೊಟ್ಟೆ. ಅಕ್ಷರ ಅಡಿಕೆ ಗಾತ್ರ.

ದಿನಕ್ಕೊಂದು ಪುಟ ಓದಿದಳು. ಕರಡಿ ಕೊಡೆ ಬಿಚ್ಚಿತು. ಮಳೆ ಬಂತು. ನೆನೆಯುತ್ತಿದ್ದ ಪ್ರಾಣಿಗಳೆಲ್ಲ ಕೊಡೆಯಡಿ ನುಗ್ಗಿದವು. ಕರಡಿಯೇ ಹೊರಗೆ ಬಿತ್ತು.

"ಆಮೇಲೆ ಏನಾಗುತ್ತೆ ಗೊತ್ತಾ..." ಅಂತ ನಾನು ಬಾಯಿ ತೆಗೆದೆ.

"ಹೇಳಬ್ಯಾಡ್ರಿ" ಅಂದಳು. "ನಾನೇ ಓದಬೇಕು. ಇಷ್ಟು ವರ್ಸ ಎಲ್ಲಾನೂ ಬ್ಯಾರೇರೇ ಹೇಳ್ಯಾರೆ ನಂಗೆ."

ಇಂಥ ಮಾತು ಹೇಳುವ ಹೆಂಗಸಿನ ಕೈಯಲ್ಲಿರುವ ಪುಸ್ತಕವನ್ನು ಕಿತ್ತು ಅದರಲ್ಲಿ ಕಡ್ಲೆಕಾಯಿ ಕಟ್ಟುವುದೇ? ನಾನು ಬದುಕಿರುವವರೆಗೆ ಆಗದ ಮಾತು ಅಂದುಕೊಂಡೆ.

ಅಷ್ಟರಲ್ಲಿ ದಸರೆ ಬಂತು. ನಮ್ಮಲ್ಲಿ ಶಾರದೆ ಕೂರಿಸಿದ ದಿನ ಪುಸ್ತಕಗಳನ್ನು ಪೂಜೆಗಿಟ್ಟರೆ ಆಯಿತು, ವಿಜಯದಶಮಿಯ ಬೆಳಗ್ಗೆ ಎತ್ತುವವರೆಗೆ ಯಾರೂ ಒಂದಕ್ಷರ ಓದುವಂತಿಲ್ಲ. ಶಿರಸ್ತೇದಾರರು ಹೊರಗೆ ಕೊಟ್ಟ ಪುಸ್ತಕಗಳನ್ನೆಲ್ಲ ವಾಪಸು ತರಿಸಿದರು, ಖೈರುನ್‌ಬಿಯ ಕರಡಿಯನ್ನೂ ಸೇರಿಸಿ. ದಪ್ಪ ಪುಸ್ತಕಗಳನ್ನು ಮಣೆಯ ಮೇಲೆ ಗೋಪುರದಂತೆ ಜೋಡಿಸಿದರು. ಎಲ್ಲಕ್ಕಿಂತ ದಪ್ಪದ ಶಾಸನ ಸಂಪುಟ ತುದಿಯಲ್ಲಿ, ಅದರ ಮೇಲೆ ಶಾರದೆಯ ಪಟ. ಅರಿಶಿನ, ಕುಂಕುಮ, ಸೇವಂತಿಗೆ. ಮಕ್ಕಳ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಹೊರಗೆ ಜಗಲಿಯ ಮೂಲೆಗೆ ಇಡಿಸಿದರು.

"ಅವೂ ಪುಸ್ತಕವಲ್ಲವೇ? ಅವಕ್ಕೂ ಒಂದು ಚಿಟಿಕೆ ಕುಂಕುಮ ಹಾಕಿ" ಅಂದೆ.

"ಕರಡಿಗೆ ಕುಂಕುಮ ಇಡೋದೇನಮ್ಮಾ?" ಅಂತ ನಕ್ಕು ಬಾಗಿಲಿಗೆ ಬೀಗ ಹಾಕಿದರು.

ಬೀಗದ ಸದ್ದಿಗೆ ನನ್ನ ತಲೆಯಲ್ಲಿ ಬೆಳಕಾಯಿತು. ಪೂಜೆಗಿಡದ ಪುಸ್ತಕವನ್ನು ಓದಬಾರದು ಎಂದು ಯಾರು ಹೇಳಿದ್ದಾರೆ? ಊರಿನ ಪುಸ್ತಕಗಳೆಲ್ಲ ಮಡಿಯಲ್ಲಿ ಕೂತಿರುವಾಗ ಓದಲು ಉಳಿದದ್ದು ಈ ಚೀಲ ಒಂದೇ. ಮಾರನೆಯ ದಿನ ಖೈರುನ್‌ಬಿಯನ್ನು ಕರೆದುಕೊಂಡು ಬಂದು ಜಗಲಿಯ ಮೇಲೆ ಕೂತೆ. ಚೀಲದ ಬಾಯಿ ಬಿಚ್ಚಿದೆ. ಇಬ್ಬರೂ ಗಟ್ಟಿಯಾಗಿ ಓದತೊಡಗಿದೆವು.

ಯುದ್ಧದ ಸುದ್ದಿ ಓದದಿದ್ದರೆ ಅನ್ನ ಇಳಿಯದ ಗಂಡಸರು ಕೆಲವರು ನಮ್ಮೂರಲ್ಲಿದ್ದಾರೆ. ಅಂದೂ ಅಭ್ಯಾಸಬಲದಿಂದ ಬಂದರು. ಬಾಗಿಲಿಗೆ ಬೀಗ, ಪೇಪರೂ ಒಳಗೆ. ಜಗಲಿಯ ತುದಿಯಲ್ಲಿ ಸುಮ್ಮನೆ ಕೂತರು. ಸ್ವಲ್ಪ ಹೊತ್ತಿಗೆ ಒಬ್ಬರು ಚೀಲಕ್ಕೆ ಕೈ ಹಾಕಿದರು. ಆಮೇಲೆ ಇನ್ನೊಬ್ಬರು. ಸಂಜೆಗೆ ವಾಚನಾಲಯದ ಅಧ್ಯಕ್ಷರೇ ಬಂದರು. ಅಡಿಕೆ ಮಂಡಿಯ ಸಾಹುಕಾರರು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಮೌನ. ಬಾಲ ಕಳಕೊಂಡ ನರಿಯ ಕಥೆ ಕೈಗೆ ಸಿಕ್ಕಿತು. ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಹೋಗುವಾಗ ನರಿಯನ್ನು ಕೋಟಿನ ಒಳಜೇಬಿಗೆ ಇಳಿಸಿದರು. ನಾನು ನೋಡಿಯೂ ನೋಡದವಳಂತೆ ಇದ್ದೆ.

ಶಿರಸ್ತೇದಾರರಿಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ದಶಮಿಯ ಬೆಳಗ್ಗೆ ಕಡ್ಲೆಕಾಯಿ ಅಂಗಡಿಯವನನ್ನು ಜೊತೆಗೇ ಕರೆದುಕೊಂಡು ಬಂದರು. ಪೂಜೆ ಎತ್ತಿದ ತಕ್ಷಣ ಚೀಲ ಸಾಗಿಸುವ ಏರ್ಪಾಡು. ಸಾಹುಕಾರರೂ ಸೇರಿ ಊರ ನಾಲ್ಕು ಜನ ಕೂಡಿದ್ದರು. ಖೈರುನ್‌ಬಿ ಜಗಲಿಯಲ್ಲಿ, ಚೀಲದ ಮೇಲೇ ಕೂತಿದ್ದಳು.

"ಓದಿ ಏನು ಮಾಡ್ತೀಯಮ್ಮಾ ನೀನು?" ಅಂತ ಶಿರಸ್ತೇದಾರರು ಕೇಳಿದರು. ಸಿಟ್ಟಿನಿಂದಲ್ಲ, ಕನಿಕರದಿಂದ. ನನಗೆ ಮೈ ಉರಿದದ್ದು ಅದಕ್ಕೇ.

"ಓದ್ತೀನ್ರಿ" ಅಂದಳು ಅವಳು.

ಅವರು ಒಳಗೆ ಹೋದರು. ಪಟ ತೆಗೆದು, ಶಾಸನ ಸಂಪುಟ ಎತ್ತಿ ಕಣ್ಣಿಗೊತ್ತಿಕೊಂಡರು. ಎತ್ತಿದ ಪುಸ್ತಕದಿಂದ ಒಂದು ಪುಟವಾದರೂ ಎಲ್ಲರಿಗೂ ಕೇಳುವಂತೆ ಓದಬೇಕು. ಓದದಿದ್ದರೆ ವರ್ಷವಿಡೀ ವಿದ್ಯೆ ಒಲಿಯುವುದಿಲ್ಲ ಅನ್ನುವುದು ಅವರದೇ ನಂಬಿಕೆ. ನಡುವೆ ತೆರೆದು ಓದಿದರು. ಯಾವನೋ ದೊರೆ ಹೊನ್ನಾಳಿಯ ಕಡೆಯ ಯಾವುದೋ ಹಳ್ಳಿಯಲ್ಲಿ, ಕೆರೆಯ ಕೆಳಗಿನ ತೋಟವನ್ನು, ಮೂಡಲಿಗೆ ಹಳ್ಳ, ಪಡುವಲಿಗೆ ದಾರಿ ಎಂದು ಎಲ್ಲೆ ಹೇಳಿ, ಧಾರೆಯೆರೆದು ಕೊಟ್ಟದ್ದು...

ಅಲ್ಲಿಗೆ ನಿಂತರು. ಮುಂದಿನ ಹಾಳೆ ಬಿಡಲಿಲ್ಲ.

ಪ್ರೆಸ್ಸಿನಿಂದ ಬರುವಾಗ ಇಂಥ ಪುಸ್ತಕಗಳ ಹಾಳೆಗಳು ಮಡಿಕೆಯಲ್ಲೇ ಕೂಡಿಕೊಂಡಿರುತ್ತವೆ. ಓದುವವರು ಅಂಚು ಕತ್ತರಿಸಿ ಬಿಡಿಸಿಕೊಳ್ಳಬೇಕು. ಈ ಸಂಪುಟವನ್ನು ಯಾರೂ ಬಿಡಿಸಿಯೇ ಇರಲಿಲ್ಲ. ಅಂದರೆ? ಯಾರೂ ಓದಿರಲಿಲ್ಲ. ನಸ್ಯದ ವಕೀಲರೂ.

"ಯಾರಿಗೆ ಕೊಟ್ಟಾನೆ?" ಅಂತ ಸಾಹುಕಾರರು ಕೇಳಿದರು. ಮೌನದ ಮನುಷ್ಯ, ಒಮ್ಮೆಗೇ ಎದ್ದು ನಿಂತಿದ್ದರು. "ಆ ಹಳ್ಳಿ ಕೆರೆ ಕೆಳಗಿನ ತೋಟ ನಮ್ಮದೇ ಐತೆ. ಮೂಡಲಿಗೆ ಹಳ್ಳ, ಪಡುವಲಿಗೆ ದಾರಿ. ಮುಂದೆ ಓದ್ರಿ ಶಿರಸ್ತೇದಾರ್ರೆ."

"ಹಾಳೆ ಕೂಡಿದೆ."

"ಬಿಡಿಸ್ರಿ ಮತ್ತೆ."

ಹೇಗೆ ಬಿಡಿಸುವುದು? ಪೂಜೆಗಿಟ್ಟ ಆಯುಧಗಳನ್ನು ಎತ್ತುವುದು ಸಂಜೆ, ಬನ್ನಿ ಮುಡಿದು ಬಂದ ಮೇಲೆ. ಊರಿನ ಚಾಕು, ಕತ್ತಿ, ಕತ್ತರಿ, ಅಡಕೊತ್ತು, ಕ್ಷೌರದ ಕತ್ತಿ ಸಹಿತ ಎಲ್ಲವೂ ಆಯಾ ಮನೆಯ ದೇವರ ಮುಂದೆ ಕೂತಿದ್ದವು. ಶಿರಸ್ತೇದಾರರ ಪೆನ್ನುಚಾಕು ಅಲ್ಲೇ ಮಣೆಯ ಕೆಳಗೆ, ಹಣೆತುಂಬ ವಿಭೂತಿ ಹಚ್ಚಿಕೊಂಡು ಬಿದ್ದಿತ್ತು. ಅದನ್ನು ಮುಟ್ಟುವ ಧೈರ್ಯ ಅವರಿಗಿರಲಿಲ್ಲ. ಬೆರಳು ಹಾಕಿ ಹರಿಯೋಣವೆಂದರೆ, ದಶಮಿಯ ದಿನ ಶಾರದೆಯ ಪುಸ್ತಕ ಹರಿದಂತಾಗುತ್ತದೆ. ಮಡಿಕೆಯೊಳಕ್ಕೆ ಒಂದು ಕಣ್ಣು ಇಟ್ಟು, ಕಣಜದೊಳಗೆ ಇಣುಕುವವರಂತೆ ಇಣುಕಿದರು. ಬೆಳಕು ಸಾಲಲಿಲ್ಲ. ಜನ ಬಾಗಿಲ ಹತ್ತಿರ ಒತ್ತಿಕೊಂಡು ನಿಂತಿದ್ದರು. ಯಾರಿಗೆ ಕೊಟ್ಟ, ಯಾರಿಗೆ ಕೊಟ್ಟ ಅಂತ ಎಲ್ಲರದೂ ಒಂದೇ ಗುಸುಗುಸು. ಯಾರಿಗೂ ಮನೆಯ ನೆನಪಿರಲಿಲ್ಲ.

ಓದುಗರೇ, ನಾನು ವ್ಯಾಕರಣ ಪ್ರೀತಿಯಿಂದ ಓದುವವಳು. ದಪ್ಪ ಪುಸ್ತಕದ ವೈರಿ ಅಲ್ಲ. ಆದರೆ ಅವತ್ತು ಒಂದು ವಿಷಯ ಖಾತ್ರಿಯಾಯಿತು. ಶಾಸನವಾದರೂ ಅಷ್ಟೆ, ಕರಡಿಯಾದರೂ ಅಷ್ಟೆ. ಮುಂದೇನಾಯಿತು ಅಂತ ಒಬ್ಬರಾದರೂ ಕೇಳಬೇಕು. ಆಗಲೇ ಅದು ಪುಸ್ತಕ. ಅಲ್ಲಿಯವರೆಗೆ ಎಷ್ಟು ಕುಂಕುಮ ಹಾಕಿದರೂ ಅದು ಬರೀ ಮಣೆ ಮೇಲಿನ ಭಾರ.

"ನನ್ನತ್ರ ಕತ್ತರಿ ಐತ್ರಿ" ಅಂತ ಹೊರಗಿನಿಂದ ದನಿ ಬಂತು.

ಖೈರುನ್‌ಬಿಯ ಕತ್ತರಿ. ಅವಳ ಮನೆಯಲ್ಲಿ ಆಯುಧಪೂಜೆ ಇಲ್ಲವಲ್ಲ. ಸೊಂಟದ ಚೀಲದಿಂದ ಅದನ್ನು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಳು. ಏಳಲಿಲ್ಲ.

"ಕೊಡಮ್ಮಾ ಇಲ್ಲಿ" ಅಂದರು ಶಿರಸ್ತೇದಾರರು.

"ಕೊಡ್ತೀನಿ. ಈ ಚೀಲ ಎಲ್ಲಿಗೂ ಹೋಗಾಂಗಿಲ್ಲ ಅನ್ರಿ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ನಿಮಗೂ ಮುಂದೇನಾತು ಗೊತ್ತಾಗಬೇಕು, ನಂಗೂ ಗೊತ್ತಾಗಬೇಕು. ಅಷ್ಟೇ ಸಂಬಂಧ ರೀ."

ಶಿರಸ್ತೇದಾರರು ರೂಲಿನ ಮಾತು ಎತ್ತಿದರು. ಕಮಿಟಿ ಸೇರಬೇಕು, ಠರಾವು ಆಗಬೇಕು. ಸಾಹುಕಾರರಿಗೆ ತಡೆಯಲಾಗಲಿಲ್ಲ. "ಕಮಿಟಿ ಇಲ್ಲೇ ಐತಲ್ರಿ. ಚೀಲ ಇಲ್ಲೇ ಇರ್ಲಿ. ನಾ ಹೇಳೀನಿ. ಆ ನರಿ ಪುಸ್ತಕಾನೂ ತಂದಿಡ್ತೀನಿ" ಅಂದರು. ನರಿಯ ಸಂಗತಿ ಹಾಗೆ ಹೊರಬಿತ್ತು. ಅಂಗಡಿಯವನು ಬಂದ ದಾರಿ ಹಿಡಿದ.

ಅವಳು ಎದ್ದು ಒಳಗೆ ಬಂದಳು. ವಾಚನಾಲಯದ ಹೊಸಿಲು ದಾಟಿದ್ದು ಅದೇ ಮೊದಲು. ಹಾಳೆಯ ಮಡಿಕೆ ಹಿಡಿದು, ನೂಲಿನಷ್ಟೂ ಅತ್ತಿತ್ತ ಆಗದಂತೆ ಕತ್ತರಿ ಆಡಿಸಿದಳು. ಶಿರಸ್ತೇದಾರರು ಓದಿದರು. ತೋಟ ಸಿಕ್ಕಿದ್ದು ಕೆರೆಯ ತೂಬು ಕಾಯುತ್ತಿದ್ದವನೊಬ್ಬನಿಗೆ. ಸಾಹುಕಾರರು ಉಸಿರು ಬಿಟ್ಟು ಕೂತರು. (ಇಷ್ಟು ಕಾಲವಾದ ಮೇಲೆ ಅವನ ಮೊಮ್ಮಕ್ಕಳು ಬಂದು ತೋಟ ಕೇಳುವುದಿಲ್ಲ ಅಂತ ನಾನು ಸಮಾಧಾನ ಹೇಳಿದೆ.)

ಗೆದ್ದೆವು ಅಂದುಕೊಂಡು ಮನೆಗೆ ಬಂದೆವು. ಅಲ್ಲೇ ತಪ್ಪಿದ್ದು. ಕಚೇರಿಯಲ್ಲಿ ಕೂದಲು ನೆರೆಸಿಕೊಂಡವರನ್ನು ಅಷ್ಟು ಸುಲಭಕ್ಕೆ ಗೆಲ್ಲಲಾಗುತ್ತದೆಯೇ?

ಮೊನ್ನೆ ಹೋಗಿ ನೋಡಿದರೆ ಮೂಲೆಯಲ್ಲಿ ಹೊಸ ಕಪಾಟು. ಒಳಗೆ ನರಿ, ಮೊಲ, ಕರಡಿ ಎಲ್ಲ ಸಾಲಾಗಿ ಕೂತಿವೆ. ಚೆನ್ನಾಗಿತ್ತು, ಖುಷಿಪಟ್ಟೆ. ಆಮೇಲೆ ಮೇಲಿನ ಬೋರ್ಡು ಕಂಡಿತು. ಹದಿನಾಲ್ಕು ವರ್ಷದೊಳಗಿನವರಿಗೆ ಮಾತ್ರ.

ಖೈರುನ್‌ಬಿ ನನ್ನ ಪಕ್ಕದಲ್ಲೇ ಇದ್ದಳು. ಬೋರ್ಡನ್ನು ತಾನೇ ಓದಿದಳು, ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ. ಓದು ಕಲಿತವಳು ಮೊದಲು ಓದಿದ ಬೋರ್ಡು ಅವಳನ್ನೇ ಹೊರಗೆ ಹಾಕುವ ಬೋರ್ಡು. ಮದುವೆಗೆ ಬಂದ ಮಗಳಿರುವ ಹೆಂಗಸು. ದಿನಕ್ಕೊಂದೇ ಪುಟದ ಲೆಕ್ಕವನ್ನು ಅವಳು ಜಗಲಿಯಲ್ಲೂ ಬಿಟ್ಟಿರಲಿಲ್ಲ, ಹಾಗಾಗಿ ಕರಡಿ ಇನ್ನೂ ಮಳೆಯಲ್ಲೇ ನಿಂತಿದೆ, ಕಡೆಯ ಕೆಲವು ಪುಟ ಬಾಕಿ. ನೇರ ಮೇಜಿನ ಹತ್ತಿರ ಹೋಗಿ ನಿಂತಳು.

"ಕರಡಿ ಪುಸ್ತಕ ಕೊಡ್ರಿ."

"ವಯಸ್ಸು?" ಅಂದರು ಶಿರಸ್ತೇದಾರರು, ತಲೆ ಎತ್ತದೆ.

"ಹದಿಮೂರು ಬರಕಳ್ರಿ."

ಅವರು ತಲೆ ಎತ್ತಿದರು. ಅವಳ ನೆರೆತ ಕೂದಲು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ನೀವು ಟೀಚರು, ನೀವೇ ಹೇಳಿ ಅಮ್ಮಾ."

"ಹದಿಮೂರೇ" ಅಂದೆ. "ನನಗೆ ಹನ್ನೆರಡು. ನನಗೂ ಒಂದು ಪುಸ್ತಕ ಕೊಡಿ."

ಪೆನ್ನು ಕೆಳಗಿಟ್ಟುಬಿಟ್ಟರು. ಸುಳ್ಳು ವಯಸ್ಸು ಹೇಳಿದ್ದಕ್ಕೆ ನಮ್ಮಿಬ್ಬರ ಮೇಲೂ ಕಮಿಟಿಯಲ್ಲಿ ವಿಚಾರಣೆಯಂತೆ. ಆಗಲಿ. ಸುಳ್ಳು ಹೇಳಿದ್ದು ನಿಜ, ಇನ್ನೊಮ್ಮೆ ಕೇಳಿದರೂ ಅಷ್ಟೇ ಹೇಳುತ್ತೇನೆ. ನನ್ನ ಮೆಂಬರುಗಿರಿ ಕಿತ್ತುಕೊಂಡರೆ ಜಗಲಿಯ ಮೇಲೆ ಕೂರುತ್ತೇನೆ, ಜಗಲಿಯಿಂದ ಎಬ್ಬಿಸಿದರೆ ಬೀದಿಯಲ್ಲಿ ಕೂರುತ್ತೇನೆ. ಪುಸ್ತಕ ಸಿಗುವವರೆಗೆ ಇಬ್ಬರೂ ದಿನಾ ಹೋಗಿ ಕೇಳುವುದೇ.

ವಿಚಾರಣೆಯ ದಿನ ನಾನೂ ಒಂದು ಪ್ರಶ್ನೆ ಕೇಳುವವಳಿದ್ದೇನೆ. ಕಾಯಲು ತಾಳ್ಮೆಯಿಲ್ಲ, ಇಲ್ಲೇ ಕೇಳಿಬಿಡುತ್ತೇನೆ. ಹದಿನಾಲ್ಕು ದಾಟಿದವರು ಕಥೆ ಓದಬಾರದು ಅಂತ ನಿಮ್ಮ ಯಾವ ದಪ್ಪ ಪುಸ್ತಕದಲ್ಲಿ ಬರೆದಿದೆ ಶಿರಸ್ತೇದಾರರೇ, ಹಾಳೆ ಬಿಡಿಸಿ ತೋರಿಸುತ್ತೀರಾ?