ವಿಮಾನ ನಿಲ್ದಾಣದ ತೋಟದಲ್ಲಿ ಚರಗ

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ನಾನು ಕಲಬುರಗಿಯ ಬ್ರಹ್ಮಪುರದಿಂದ ಹೊರಟಾಗ ನಮ್ಮ ಓಣಿಯ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಹೊಲವಿದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಗೆಳೆಯರ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ದಿನ ಅದು. ನನ್ನ ಬ್ಲೌಸ್ ಹೊಲಿಯುವ ಅಂಗಡಿಯನ್ನೂ ಮುಚ್ಚಿದ್ದೆ. ಎದುರು ಮನೆಯ ವೈನಿ ಬಾಗಿಲಲ್ಲೇ ತಡೆದರು.

"ಸುನಂದಾ, ಯಾರ ಹೊಲಕ್ಕ ಹೊಂಟಿ?"

"ಏರ್‌ಪೋರ್ಟಿಗ್ರಿ ವೈನಿ."

"ಹಬ್ಬದ ದಿನ ಅಲ್ಲಿ ಹೊಸಾ ಅಂಗಡ್ಯಾಗ ಶಾಪಿಂಗ್ ಏನ?"

"ಶಾಪಿಂಗ್ ಅಲ್ರಿ. ಚರಗ ಚೆಲ್ಲಾಕ."

ವೈನಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆ ನಗು ನನಗೆ ಬಸ್ ಸ್ಟ್ಯಾಂಡಿನವರೆಗೂ ಚುಚ್ಚುತ್ತಲೇ ಇತ್ತು. ನಿಜ ಹೇಳಬೇಕೆಂದರೆ, ಕಾಕು ಫೋನಿನಲ್ಲಿ ಈ ಮಾತು ಎತ್ತಿದ ದಿನ ನಾನೂ ಹೀಗೆಯೇ ನಕ್ಕಿದ್ದೆ.

ಮಲ್ಲಮ್ಮ ಕಾಕು ನನ್ನ ಅಪ್ಪನ ತಮ್ಮನ ಹೆಂಡತಿ. ಕಾಕಾ ತೀರಿಕೊಂಡ ಮೇಲೆ ಕಮಲಾಪುರದಲ್ಲಿ ಮಗಳು ಶಾರದಾಳ ಜೊತೆ ಇದ್ದಾಳೆ. ಅವರ ಹೊಲ ಕಲಬುರಗಿಯ ಹೊರಗೆ ರಸ್ತೆಯ ತಿರುವಿನಲ್ಲಿತ್ತು, ಅಪ್ಪಟ ಎರಿ ಭೂಮಿ, ಕಾಡಿಗೆಯಂಥ ಕಪ್ಪು ಮಣ್ಣು. ವಿಮಾನ ನಿಲ್ದಾಣಕ್ಕೆಂದು ಅದು ಹೋಯಿತು. ಪರಿಹಾರ ಬಂತು, ಅದರಲ್ಲಿ ಶಾರದಾಳ ಮನೆ ಎದ್ದಿತು, ಅದರ ಬಗ್ಗೆ ಕಾಕು ಒಂದು ದಿನವೂ ತಕರಾರು ತೆಗೆದವಳಲ್ಲ. ಅವಳ ಸಂಕಟವೆಲ್ಲ ವರ್ಷಕ್ಕೊಂದು ದಿನದ್ದು. ಬೇಲಿ ಹಾಕಿದ ಮೇಲೆ ಆ ಮಣ್ಣಿಗೆ ಚರಗ, ಎಂದರೆ ಭೂಮಿತಾಯಿಗೆ ಹಾಕುವ ಎಡೆ, ಬಿದ್ದಿರಲಿಲ್ಲ. ಅಳಿಯನ ಹೊಲದಲ್ಲಿ ಕೂತು ಉಣ್ಣುವಾಗಲೆಲ್ಲ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಈ ವರ್ಷ ನಿಲ್ದಾಣದ ಹೊರಗೆ, ಸರಿಯಾಗಿ ಆ ತಿರುವಿನಲ್ಲೇ, ಹೊಸ ತೋಟ ಮತ್ತು ಅಂಗಡಿಸಾಲು ತೆರೆದಿದೆ, ವಿಮಾನದ ಟಿಕೆಟ್ ಇಲ್ಲದವರೂ ಒಳಗೆ ಹೋಗಬಹುದು ಎಂಬ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಅಷ್ಟೇ ಸಾಕಾಯಿತು.

ಕಾಕುವನ್ನು ಕರೆತರಲು ಮೊದಲು ಕಮಲಾಪುರಕ್ಕೆ ಹೊರಟೆ. ಹುಮನಾಬಾದ್ ಕಡೆಯ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿದೆ, ಹೆಣ್ಣುಮಕ್ಕಳ ಪುಕ್ಕಟೆ ಚೀಟಿ ಕೈಗೆ ಬಂತು. ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಎಲ್ಲರ ಮಡಿಲಲ್ಲೂ ಬುಟ್ಟಿ, ಬುಟ್ಟಿಯಿಂದ ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿಯ ಘಮ. ಗುರುತು ಪರಿಚಯವಿಲ್ಲದ ಮುದುಕರೊಬ್ಬರು "ನಮ್ಮ ಹೊಲಕ್ಕ ಬರ್ರಿ ಯವ್ವಾ, ಅಂಬಲಿ ಕುಡದು ಹೋಗ್ರಿ" ಎಂದು ಅಕ್ಕಪಕ್ಕದವರನ್ನೆಲ್ಲ ಕರೆಯುತ್ತಿದ್ದರು. ಇವತ್ತಿನ ರೀತಿಯೇ ಹಾಗೆ, ಕಣ್ಣಿಗೆ ಬಿದ್ದವರನ್ನು ಕರೆಯದೆ ಬಿಡುವಂತಿಲ್ಲ. ಕಿಟಕಿಯಿಂದ ತಣ್ಣನೆ ಗಾಳಿ ಬಡಿಯುತ್ತಿತ್ತು. ಹಾದಿಯುದ್ದಕ್ಕೂ ಬಿಳಿಜೋಳ ಎದೆಯುದ್ದ ನಿಂತಿತ್ತು.

ಕಮಲಾಪುರದ ಮನೆಯಲ್ಲಿ ತಾಯಿ ಮಗಳ ಜಗಳ ಆಗಲೇ ಕಾವೇರಿತ್ತು. ಶಾರದಾ ಸಜ್ಜೆ ರೊಟ್ಟಿ ಕಟ್ಟುತ್ತಲೇ ಬಯ್ಯುತ್ತಿದ್ದಳು.

"ಮನ್ಯಾನ ಮಂದೆಲ್ಲ ಹೊಲಕ್ಕ ಹೊಂಟಾರ, ನೀ ಇಮಾನ ನೋಡಾಕ ಹೊಂಟಿ. ನಿಮ್ಮ ಅಳಿಯಾರು ಏನ ಅನ್ಕೋಬೇಕು?"

"ಅಳಿಯಾರ ಹೊಲದಾಗ ಅಳಿಯಾರು ಚರಗ ಚೆಲ್ತಾರ. ನನ್ನ ಹೊಲದಾಗ ಯಾರು ಚೆಲ್ಲಬೇಕು?"

"ಚರಗ ಗಂಡಸರ ಕೆಲಸ ಯವ್ವಾ."

"ನಿಮ್ಮಪ್ಪನ್ನ ಕರಕೊಂಡು ಬಾ, ಅವ ಮಾಡ್ಲಿ."

ಶಾರದಾ ಮುಖ ತಿರುಗಿಸಿ ರೊಟ್ಟಿಯ ಗಂಟು ಬಿಗಿದಳು. ಆದರೂ ಬುಟ್ಟಿಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿದ್ದನ್ನು ನಾನು ನೋಡಿದೆ. ಬಸ್ ಸ್ಟ್ಯಾಂಡಿನ ಎದುರು ಕೆಂಪು ಬಾಳೆಹಣ್ಣು ಕೊಂಡು ಮತ್ತೆ ಕಲಬುರಗಿಯ ಬಸ್ಸು ಹತ್ತಿದೆವು. ಚರಗದ ಗಡಿಗೆಯನ್ನು ಕಾಕು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಭಜ್ಜಿ, ಮುರಿದ ರೊಟ್ಟಿ, ಅಂಬಲಿ ಕಲಸಿದ್ದು ಅದರಲ್ಲಿತ್ತು. ಒಬ್ಬರು ಮುಂದೆ ಹೋಗುತ್ತ ಕೂಗಿ ಅದನ್ನು ಚೆಲ್ಲಬೇಕು, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಓಗೊಡಬೇಕು. ಕೂಗಿಗೆ ಓಗೊಡುವವರಿಲ್ಲದಿದ್ದರೆ ಚರಗ ಮುಟ್ಟುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಆ ಎರಡನೆಯ ಕೆಲಸ ನನ್ನ ಪಾಲಿಗೆ ಬಂದಿತ್ತು.

ಕಲಬುರಗಿಯಲ್ಲಿ ಇಳಿದೆವು, ಊರಿನಿಂದ ವಿಮಾನ ನಿಲ್ದಾಣ ದೂರ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಆಟೊದವನು, ಹೆಸರು ಮೈಬೂಬ, ಹೋಗಿ ಬರಲು ನಾನೂರು ಕೇಳಿದ. ಎಲ್ಲಿಗೆ, ಯಾತಕ್ಕೆ ಎಂದು ತಿಳಿದ ಮೇಲೆ ಮುನ್ನೂರಕ್ಕೆ ಇಳಿದ. "ನಾನೂ ಹರ್ ಸಾಲ್ ದೋಸ್ತನ ಹೊಲದಾಗ ಭಜ್ಜಿ ತಿಂತೀನ್ರಿ ಅಮ್ಮಾ. ಈ ಸಲ ಬಾಡಿಗಿ ಬಿತ್ತು, ತಪ್ಪಿತು ಅನ್ಕೊಂಡಿದ್ದೆ."

"ತಪ್ಪಂಗಿಲ್ಲ ಬಾ" ಎಂದಳು ಕಾಕು.

ಗೇಟಿನಲ್ಲಿ ಮೊದಲ ತಡೆ ಬಂತು. ಕಾವಲುಗಾರ ನಮ್ಮ ಕಡೆಯವನೇ, ಮುಖ ನೋಡಿದರೆ ತಿಳಿಯುತ್ತಿತ್ತು. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದ, ಆಮೇಲೆ ಫಲಕದ ಕಡೆ ಬೆರಳು ಮಾಡಿದ. ಹೊರಗಿನ ತಿಂಡಿ ತಿನಿಸು ಒಳಗೆ ತಿನ್ನುವಂತಿಲ್ಲ.

"ಬುಟ್ಟಿ ಇಲ್ಲೇ ಇಡ್ತೀನಿ" ಎಂದಳು ಕಾಕು. "ಈ ಗಡಗಿ ಅಷ್ಟೇ ಒಯ್ತೀನಿ."

"ಅದರಾಗೂ ಊಟಾನೇ ಅದಲ್ಲ ಅಮ್ಮಾ?"

"ಅದ. ನಾವು ಉಣ್ಣಂಗಿಲ್ಲ. ಭೂಮಿ ಉಣ್ತದ. ಭೂಮಿ ಉಣಬಾರ್ದು ಅಂತ ಬರ್ದಾರೇನು, ಓದಪ."

ಅವನು ತಿರುಗಿ ಫಲಕ ನೋಡಿದ, ಪಾಪ, ನಿಜವಾಗಿಯೂ ಓದಿದ. ಹಾಗೆ ಬರೆದಿರಲಿಲ್ಲ. ಬುಟ್ಟಿಯನ್ನು ಮೈಬೂಬನ ಆಟೊದಲ್ಲಿಟ್ಟು, ಗಡಿಗೆ ಮತ್ತು ನೀರಿನ ಚೆಂಬು ಹಿಡಿದು ನಾವಿಬ್ಬರೂ ಒಳಗೆ ನಡೆದೆವು.

ತೋಟ ಚೆಂದವಿತ್ತು, ಇಲ್ಲವೆನ್ನಲಾರೆ. ಕಾರಂಜಿ, ಕುಂಡದಲ್ಲಿ ಬಾಳೆ, ಫೋಟೊ ತೆಗೆಸಿಕೊಳ್ಳಲು ತಂತಿಯ ನವಿಲು, ಗುಲಾಬಿಯ ದೊಡ್ಡ ಮಡಿ. ಆಚೆ ಗಾಜಿನ ಅಂಗಡಿಗಳ ಸಾಲು. ಅಲ್ಲೊಂದು ಕುಪ್ಪಸಕ್ಕೆ ಅಂಟಿಸಿದ್ದ ಬೆಲೆಗೆ ನಾನು ಅಂಥ ಎಂಟು ಹೊಲಿದು ಮೇಲೆ ಗುಂಡಿಯನ್ನೂ ಹಚ್ಚಿ ಕೊಡುತ್ತಿದ್ದೆ. ಜ್ಯೂಸ್ ಅಂಗಡಿಯಲ್ಲಿ ಹಾಡು ಹಚ್ಚಿದ್ದರು. ಹಬ್ಬವಾದ್ದರಿಂದ ಜನ ಕಡಿಮೆ.

ಕಾಕು ಇದಾವುದನ್ನೂ ನೋಡಲಿಲ್ಲ. ರಸ್ತೆಯ ತಿರುವನ್ನು ಒಮ್ಮೆ ನೋಡಿ ಗುಲಾಬಿ ಮಡಿಯ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತಳು. ಒಂದು ಹಿಡಿ ಮಣ್ಣು ಎತ್ತಿದಳು. ಅವಳ ಮುಖ ಕಪ್ಪಿಟ್ಟಿತು.

"ಸುನಂದಾ, ಇದು ನಮ್ಮ ಮಣ್ಣಲ್ಲ."

ಮಣ್ಣು ಕೆಂಪಗಿತ್ತು. ಎಲ್ಲಿಂದಲೋ ಲಾರಿಯಲ್ಲಿ ತಂದು ಹರವಿದ್ದರು. ಕರಿ ನೆಲದ ನಮ್ಮ ಸೀಮೆಯಲ್ಲಿ ಅದು ಪರರ ಸೀರೆ ಉಟ್ಟಂತೆ ಕಾಣುತ್ತಿತ್ತು. "ಹೋಗ್ಲಿ ಬಿಡ ಕಾಕು, ಇದರ ಮ್ಯಾಲೇ ಚೆಲ್ಲು, ಕೆಳಗ ಇಳಿತದ" ಎಂದೆ ನಾನು, ಬೇಗ ಮುಗಿದರೆ ಸಾಕೆಂದು.

"ಬ್ಯಾರೇದವರ ಮಣ್ಣಿಗೆ ಉಣಿಸಿ ನಮ್ಮ ಮಣ್ಣ ಉಪವಾಸ ಕೆಡವಲೇನು?"

ಗಡಿಗೆಯಲ್ಲಿದ್ದ ಹಿತ್ತಾಳೆ ಸೌಟು ತೆಗೆದು ಅವಳು ಅಗೆಯತೊಡಗಿದಳು. ಒಂದು ಗೇಣು ಕೆಂಪು. ಅದರ ಕೆಳಗೆ ಜಲ್ಲಿ. ಜಲ್ಲಿಯನ್ನು ಬೆರಳಿನಿಂದ ಕಿತ್ತು ಕಿತ್ತು ಬದಿಗೆ ಹಾಕಿದಳು. ಬೆರಳು ತರಚಿತು. ನಾನು ಆಚೀಚೆ ನೋಡುತ್ತ ನಿಂತೇ ಇದ್ದೆ. ಆಮೇಲೆ ಸೌಟಿಗೆ ಜಿಗುಟಾದ ಕಪ್ಪು ಮಣ್ಣು ಅಂಟಿಕೊಂಡು ಬಂತು. ಕಾಕು ಅದನ್ನು ಮೂಸಿದಳು. ಕಣ್ಣಿಂದ ನೀರು ಸುರಿಯಿತು, ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ವಾಕಿಟಾಕಿ ಹಿಡಿದ ಮೇಲ್ವಿಚಾರಕ ಓಡಿಬಂದ. ದಕ್ಷಿಣದ ಕಡೆಯ ಹುಡುಗ.

"ಅಮ್ಮಾ, ಏನ್ ಮಾಡ್ತಿದೀರಾ? ಇಲ್ಲಿ ಅಗೆಯೋಕೆ ಯಾರ್ ಪರ್ಮಿಶನ್ ಕೊಟ್ರು?"

ಕಾಕು ಕೂತಲ್ಲಿಂದಲೇ ತಲೆಯೆತ್ತಿದಳು. "ಇದರ ಮ್ಯಾಲ ಕೆಂಪು ಮಣ್ಣ ಹೊಚ್ಚಾಗ ನೀವು ಈ ಭೂಮೀನ್ನ ಕೇಳೀರೇನಪ?"

"ಇದು ನಿಮ್ಮ ಜಾಗ ಅಲ್ಲಮ್ಮಾ."

"ಕಾಗದದಾಗ ಅಲ್ಲ, ನನಗೂ ಗೊತ್ತದ. ರೊಕ್ಕ ತೊಗೊಂಡೀನಿ, ಹೊಲ ಕೊಟ್ಟೀನಿ. ಹಬ್ಬ ಕೊಟ್ಟಿಲ್ಲ."

ಅವಳು ಎದ್ದು ನಿಂತಳು. ಒಂದು ಹಿಡಿ ಚರಗವನ್ನು ಆ ಕುಳಿಗೆ ಹಾಕಿ, ಇನ್ನೊಂದು ಹಿಡಿ ತುಂಬಿಕೊಂಡು, ಮಡಿಯ ಅಂಚಿನುದ್ದಕ್ಕೂ ಚೆಲ್ಲುತ್ತ ಎದೆ ಬಿರಿಯುವಂತೆ ಕೂಗಿದಳು. "ಹುಲ್ಲುಲ್ಲಿಗೋ!"

ಅಂಗಡಿಗಳ ಮುಂದಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಮೊಬೈಲ್ ಎತ್ತಿ ಹಿಡಿದ. ನೀರಿನ ಚೆಂಬು ನನ್ನ ಕೈಯಲ್ಲಿತ್ತು, ನಾನಿನ್ನೂ ಓಗೊಟ್ಟಿರಲಿಲ್ಲ. ಮೇಲ್ವಿಚಾರಕ "ಮೇಡಂ, ನೀವಾದ್ರೂ ಓದಿದವರ ಹಾಗೆ ಕಾಣ್ತೀರಿ, ಇವರನ್ನ ಕರ್ಕೊಂಡು ಹೋಗಿ" ಎಂದ. ಆ ಮಾತಿಗೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಓದಿದವಳು ತನ್ನ ಕಾಕುವಿನ ಕೂಗನ್ನು ಗಾಳಿಗೆ ಬಿಟ್ಟು ನಿಲ್ಲಬೇಕೇನು? ಸೆರಗು ಸಿಕ್ಕಿಸಿ, ನೀರು ಚಿಮುಕಿಸುತ್ತ ಅವಳ ಹಿಂದೆ ನಡೆದೆ.

"ಚಲ್ಲಾಂಬ್ರಿಗೋ!"

ನನ್ನ ದನಿ ನನಗೇ ದೊಡ್ಡದೆನಿಸಿತು. ಕಾಕು ತಿರುಗಿ ನೋಡಲಿಲ್ಲ, ಇನ್ನೂ ಜೋರಾಗಿ ಕೂಗಿದಳು. ಎರಡನೆಯ ಸಲ ನಾನು ಓಗೊಟ್ಟಾಗ ಜ್ಯೂಸ್ ಅಂಗಡಿಯ ಕಡೆಯಿಂದ ಇನ್ನೂ ಎರಡು ಮೂರು ದನಿ ಕೂಡಿದವು. ಯಾರೋ ಹಾಡು ಬಂದ್ ಮಾಡಿದರು. ಗೇಟಿನ ಕಾವಲುಗಾರನೂ ಅಲ್ಲಿಗೆ ಬಂದಿದ್ದ. "ಬಿಡ್ರಿ ಸರ್, ಚರಗ ನಡದಾಗ ಅಡ್ಡ ಬರಬಾರ್ದು, ಛಲೋ ಅಲ್ಲ" ಎಂದು ಮೇಲ್ವಿಚಾರಕನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ನಾವು ಇಡೀ ಮಡಿ ಸುತ್ತಿ ಬಂದೆವು. ಕುಳಿಯನ್ನು ಕಾಕು ತಾನೇ ಮುಚ್ಚಿದಳು, ಕಪ್ಪು ಕೆಳಗೆ, ಕೆಂಪು ಮೇಲೆ. ಒಂದು ಗುಲಾಬಿಯೂ ಮುರಿದಿರಲಿಲ್ಲ.

"ಮುಂದಿನ ವರ್ಷ ನಿಮ್ಮನ್ನ ಒಳಗೆ ಬಿಡಲ್ಲ" ಎಂದ ಮೇಲ್ವಿಚಾರಕ.

"ಬರೂದಂತೂ ಬರ್ತೀನಿ. ಸೌಟು ಸಣ್ಣದಾತು, ಕುರಪಿ ತರ್ತೀನಿ. ಈಗ ನೀನೂ ಉಣಬಾ ತಮ್ಮಾ, ಇವತ್ತ ಯಾರ್ನೂ ಹಂಗೇ ಬಿಟ್ಟು ಹೋಗಬಾರ್ದು."

ಅವನು ಬರಲಿಲ್ಲ. ಗೇಟಿನ ಹೊರಗೆ, ಫಲಕದ ಆಚೆ, ಬೇವಿನ ನೆರಳಲ್ಲಿ ನಾವು ಬುಟ್ಟಿ ಬಿಚ್ಚಿದೆವು. ಕಾವಲುಗಾರ ನಿಂತಲ್ಲೇ ರೊಟ್ಟಿ ಭಜ್ಜಿ ತಿಂದ. ಮೈಬೂಬ ಮೂರು ಸಲ ಹಾಕಿಸಿಕೊಂಡ. ನಮ್ಮ ನೆತ್ತಿಯ ಮೇಲೆ ವಿಮಾನವೊಂದು ಸದ್ದು ಮಾಡುತ್ತ ಇಳಿಯಿತು. ಕಾಕು ಮಾತ್ರ ತಲೆಯೆತ್ತಲಿಲ್ಲ, ಹಸಿದವಳ ಹಾಗೆ ಉಣ್ಣುತ್ತಿದ್ದಳು. ಅವಳು ಹಾಗೆ ಉಂಡದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಹೊತ್ತು ಮುಳುಗುವ ಹೊತ್ತಿಗೆ ಕಮಲಾಪುರ ಸೇರಿದೆವು. ಶಾರದಾ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತಿದ್ದಳು. ತಾಯಿಯ ಉಗುರಿನಲ್ಲಿ ಮಣ್ಣು ಕಂಡಿತು, ಬಯ್ಯದೆ ಕೈ ತೊಳೆಯಲು ನೀರು ತಂದುಕೊಟ್ಟಳು.

"ಹೆಂಗದ ಯವ್ವಾ, ಹೊಸಾ ತೋಟ?"

ಕಾಕು ಖಾಲಿ ಗಡಿಗೆ ಇಳಿಸಿದಳು.

"ನಮ್ಮ ಹೊಲ ಅಲ್ಲೇ ಅದ ಶಾರದಾ. ಮ್ಯಾಲ ಒಂದೀಟು ತೋಟ ಹಾಕ್ಯಾರ, ಅಷ್ಟೇ."