ಬಡಿದು ನೋಡುವ ಬೆರಳು

ಅವರ ಬಲಗೈ ನಡುಬೆರಳಿನ ಗೆಣ್ಣು ಹುಣಸೆಬೀಜದಂತೆ ಕಪ್ಪಗೆ ಗಡುಸಾಗಿತ್ತು. ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿ ನಮಗೆ ರಂಗಸಜ್ಜಿಕೆ ಕಲಿಸಿದ ಮೇಷ್ಟ್ರು ಅವರು. ಮೇಜು, ಬಾಗಿಲು, ರಂಗದ ಹಲಗೆ, ಸಂತೆಯ ಕಲ್ಲಂಗಡಿ, ಎಲ್ಲವನ್ನೂ ಆ ಗೆಣ್ಣಿನಿಂದ ಬಡಿದು ಕಿವಿಗೊಡುವುದು ಅವರ ಚಾಳಿ. ಚಿತ್ತಾಪುರ ಕಡೆಯ ಕಲ್ಲುಗಣಿಯಲ್ಲಿ ದುಡಿದ ಮನೆತನ. ನೆಲಕ್ಕೆ ಹಾಸುವ ಗಟ್ಟಿ ಫರ್ಸಿಕಲ್ಲನ್ನು ಎತ್ತಿ ಬಡಿದರೆ ಖಣ್ಣೆನ್ನುತ್ತದೆ, ಒಳಗೆ ಬಿರುಕಿದ್ದರೆ ಮಂಕಾಗಿ ನುಡಿಯುತ್ತದೆ.

"ಡೈಲಾಗ್ ಮರತ್ರ ಜನ ನಗ್ತಾರ, ಅಷ್ಟೇ. ಹಲಗಿ ಮುರದ್ರ ಕಾಲು ಮುರೀತದ," ಎನ್ನುತ್ತಿದ್ದರು. ನಾವು ಬೆನ್ನ ಹಿಂದೆ ಅವರನ್ನು 'ಟಕ್ ಟಕ್ ಸರ್' ಎಂದು ಆಡಿಕೊಳ್ಳುತ್ತಿದ್ದೆವು.

ನನ್ನಪ್ಪನೂ ಶಹಾಬಾದಿನಲ್ಲಿ ಫರ್ಸಿ ಕಡಿಯುವವನೇ. ನಾನು ನಾಟಕ ಓದಲು ಹೊರಟ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದ. ಕೊನೆಯ ಪರೀಕ್ಷೆಗೆ ನಾನು ಒಂದು ನಾಟಕದ ರಂಗಸಜ್ಜಿಕೆ ಮಾಡಬೇಕಿತ್ತು. ಅದರಲ್ಲಿ ಹಳ್ಳದ ಮೇಲೊಂದು ಕಲ್ಲಿನ ಕಾಲುಸೇತುವೆ. ಬೇರೆ ಯಾರಾದರೂ ಪ್ಲೈವುಡ್ಡಿಗೆ ಬಣ್ಣ ಬಳಿದು ಮುಗಿಸುತ್ತಿದ್ದರು. ಶಹಾಬಾದಿನವಳಾಗಿ ನಾನು ಸುಳ್ಳು ಕಲ್ಲು ಮಾಡುವುದೇ? ಅವ್ವನ ಮುಂದೆ ಹೇಳಿಕೊಂಡೆ. ವಾರದೊಳಗೆ ಟೆಂಪೋದಲ್ಲಿ ಅಂಚು ಕಟೆದ ಉದ್ದನೆಯ ಫರ್ಸಿ ಬಂತು. ಅಪ್ಪನೇ ಆರಿಸಿ ಕಳಿಸಿದ್ದ. ನಾನು ಅದನ್ನು ಮುಟ್ಟಿ ಅತ್ತೆ.

ಪ್ರದರ್ಶನದ ಬೆಳಿಗ್ಗೆ ಅದನ್ನು ಎರಡು ಮರದ ದಿಮ್ಮಿಗಳ ಮೇಲೆ ಕೂರಿಸಿ ಬಡಿದೆ. ಮಂಕಾಗಿ ನುಡಿಯಿತು. ಇನ್ನೊಮ್ಮೆ ಬಡಿದೆ, ಅದೇ ದನಿ. ಕೆಳಗೆ ಮರ ಇದೆಯಲ್ಲ, ಅದಕ್ಕೇ ಹೀಗೆ ಎಂದುಕೊಂಡು ಸುಮ್ಮನಾದೆ.

ಸಂಜೆ ಅಪ್ಪ ಬಿಳಿ ಅಂಗಿ ತೊಟ್ಟು ಮೂರನೇ ಸಾಲಿನಲ್ಲಿ ಕುಳಿತಿದ್ದ. ಪರೀಕ್ಷಕರೂ ಬಂದಿದ್ದರು. ಕೊನೆಯ ದೃಶ್ಯದಲ್ಲಿ ಓಡಿಬಂದು ಆ ಕಲ್ಲಿನ ಮೇಲೆ ಜಿಗಿಯಬೇಕಾಗಿದ್ದ ವಾಡಿ ಊರಿನ ಗೆಳತಿ ಗೆಜ್ಜೆ ಕಟ್ಟಿಕೊಳ್ಳುತ್ತಿದ್ದಳು. ನಾಟಕ ಶುರುವಾಗುವ ಗಂಟೆಗೆ ಹತ್ತು ನಿಮಿಷ ಬಾಕಿ. ಮೇಷ್ಟ್ರು ಬಂದು ಬಾಗಿ ಬಡಿದರು. ಗೇಣು ಸರಿದು ಮತ್ತೆ ಬಡಿದರು.

"ಇದರ ಮ್ಯಾಲ ಯಾರೂ ಕಾಲಿಡಬ್ಯಾಡ್ರಿ."

"ಸರ್, ನಮ್ಮಪ್ಪ ಆರಿಸಿ ಕಳಿಸ್ಯಾನ್ರಿ. ಈಗ ತೆಗದ್ರ ಅವ ಮತ್ತ ನನ್ನ ಮಾರಿ ನೋಡಂಗಿಲ್ರಿ."

"ಮುಂಜಾನಿ ನೀನೂ ಬಡದಿರಬೇಕಲ್ಲ, ಕೇಳಿಸಿತ್ತಿಲ್ಲೋ?"

ನಾನು ತಲೆ ತಗ್ಗಿಸಿದೆ. ಅವರು ಗಂಟೆ ತಡೆಯಲು ಹೇಳಿ, ನೇರ ಸಭಿಕರ ನಡುವೆ ಇಳಿದುಹೋದರು. ಪರದೆಯ ಸಂದಿನಿಂದ ನೋಡಿದರೆ ಅಪ್ಪನ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ. ಗೆಳತಿಯ ಕಾಲನ್ನು ಪಣಕ್ಕಿಟ್ಟವಳು ನಾನು ಎಂದು ಅಪ್ಪನಿಗೆ ಗೊತ್ತಾದರೆ ಮುಗಿಯಿತು. ಇಬ್ಬರೂ ಮೇಲೆ ಬಂದರು.

"ಅಣ್ಣಾರ, ಕಲ್ಲು ಛಲೋದೇ ಅದ. ಗಾಡಿಯೊಳಗ ಬರೂ ಮುಂದ ಏಟು ಬಿದ್ದದ. ನಿಮ್ಮ ಮಗಳೇ ಬಡದು ನೋಡಿ ಹೇಳಿದ್ಳು. ನೀವೊಮ್ಮಿ ನೋಡ್ರಿ."

ಅಪ್ಪ ಬಡಿದ. ಅವನ ಮುಖ ಸಣ್ಣದಾಯಿತು. ಆಮೇಲೆ ನನ್ನ ಕಡೆ ತಿರುಗಿದ.

"ಖರೇ ಅದ. ನಿನಗ ನನ್ನ ಕಿವಿ ಬಂದದವಾ."

ಅವನು ನನ್ನೊಡನೆ ಮತ್ತೆ ಆಡಿದ ಮೊದಲ ಮಾತು ಅದು. ಅಪ್ಪ, ಮೇಷ್ಟ್ರು ಸೇರಿ ಕಲ್ಲನ್ನೂ ದಿಮ್ಮಿಗಳನ್ನೂ ಹೊತ್ತು ಹೊರಗಿಟ್ಟರು. ಮೇಷ್ಟ್ರು ಆ ಜಾಗದಲ್ಲಿ ಸೇತುವೆಯ ಗುರುತಿಗೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದರು. ಗೆಳತಿ ಅವುಗಳ ನಡುವೆಯೇ ಜಿಗಿದಳು, ಯಾರೂ ನಗಲಿಲ್ಲ.

ನಾಟಕ ಮುಗಿದ ಮೇಲೆ ಮೇಷ್ಟ್ರ ಹತ್ತಿರ ಹೋಗಿ ನಿಂತೆ. "ನಿಮ್ಮಪ್ಪಗ ಸುಳ್ಳು ಹೇಳೀನಿ," ಎಂದರು. "ಇನ್ಮ್ಯಾಗ ಅದನ್ನ ಖರೇ ಮಾಡೋದು ನಿನ್ನ ಕೆಲಸ."

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಅಪ್ಪನೂ ಬಂದಿದ್ದ. ನನ್ನ ಕಿವಿಯ ಕತೆಯನ್ನು ಅಲ್ಲಿಯೂ ನಾಲ್ಕು ಜನರಿಗೆ ಹೆಮ್ಮೆಯಿಂದ ಹೇಳಿದ. ನಾನು ತಿದ್ದಲಿಲ್ಲ. ಈಗ ಸೇಡಂನಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತೇನೆ. ಅವರು ರಂಗ ಹತ್ತುವ ಮೊದಲು ಪ್ರತಿ ಹಲಗೆಯನ್ನೂ ಬಡಿಯುತ್ತೇನೆ. ಮಂಕಾಗಿ ನುಡಿದರೆ, ಮುಂದಿನ ಸಾಲಿನಲ್ಲಿ ಯಾರೇ ಕುಳಿತಿರಲಿ, ಗಂಟೆ ತಡೆಯುತ್ತೇನೆ.