ಆರು ಚೀಲಕ್ಕೆ ಈಚಲ ನೀರು

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ. ಈಚಲ ಮರದ ಎಲೆಗಳಲ್ಲಿರುವ ಫೀನಾಲಿಕ್ ಸಂಯುಕ್ತಗಳ ಮೇಲೆ ಕೆಲಸ ಮಾಡುತ್ತಿದ್ದೆ. ಗಿಡ ತನ್ನ ರಕ್ಷಣೆಗೆ ತಯಾರಿಸಿಕೊಳ್ಳುವ ಒಗರು ವಸ್ತುಗಳಿವು. ಬಣ್ಣ ಮಾಸದಂತೆ ತಡೆಯುವ ಆಂಟಿಆಕ್ಸಿಡೆಂಟ್ ಗುಣವೂ ಇವಕ್ಕುಂಟು. ಮೆಣಸಿನಕಾಯಿಯ ಬೂಷ್ಟನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ನಡುವೆ ಈಚಲ ಸಾರ ಬಿಟ್ಟೆ. ಅದರ ಸುತ್ತ ಬೆರಳಗಲ ಜಾಗದಲ್ಲಿ ಬೂಷ್ಟು ಏಳಲಿಲ್ಲ.

ಎಲೆ ಸಿಕ್ಕಿದ್ದು ಕುಪ್ಪೇಲೂರಿನ ಶಾಂತವ್ವನ ಹೊಲದ ಬದುವಿನಲ್ಲಿ. ಬ್ಯಾಡಗಿ ಪೇಟೆಯಲ್ಲಿ ಆಕೆಯ ಮೆಣಸಿನಕಾಯಿಗೆ ಒಳ್ಳೆಯ ಹೆಸರಿತ್ತು. ಒಮ್ಮೆ ಕಾಲೇಜಿಗೆ ಬಂದು ಆ ತಟ್ಟೆ ನೋಡಿದಳು. ಒಣಗಿದ ಕಾಯಿ ಮುರಿಯದಿರಲೆಂದು ಚೀಲ ತುಂಬುವ ಮುನ್ನ ನೀರು ಚಿಮುಕಿಸುವುದು ಇಲ್ಲಿನ ರೂಢಿ.

“ಮಾಸ್ತರ್ರ, ಹೆಂಗೂ ನೀರು ಹೊಡೀತೇವಿ. ಅದರ ಬದ್ಲಿ ಈ ಎಲಿ ಕುದಿಸಿದ ನೀರು ಹೊಡದ್ರ?”

“ಹೊಡದು ನೋಡ್ರಿ.”

‘ಮೊದಲು ಒಂದು ಹಿಡಿ ಕಾಯಿಗೆ’ ಎಂದೂ ಹೇಳಿದ್ದೆನೆಂದು ಬಹಳ ಕಾಲ ನಂಬಿದ್ದೆ. ಆ ಮಾತನ್ನು ನೆನಪು ಆಮೇಲೆ ಸೇರಿಸಿತು. ನಾನು ಹೇಳಿರಲಿಲ್ಲ.

ಔಷಧವೆಂಬ ಧೈರ್ಯದಲ್ಲಿ ಆಕೆ ಆರು ಚೀಲದ ಕಾಯಿಗೂ ಧಾರಾಳವಾಗಿ ಹೊಡೆದಳು. ನನ್ನ ಸಾರ ಮೆಥನಾಲ್ ಎಂಬ ದ್ರಾವಕದಲ್ಲಿ ಇಳಿಸಿ ಗಟ್ಟಿ ಮಾಡಿದ್ದು. ಆಕೆಯದು ತೆಳು ಕಷಾಯ. ಬೂಷ್ಟಿಗೆ ಬೇಕಾದ ತೇವ ಮಾತ್ರ ಕಾಯಿಯಲ್ಲಿ ಉಳಿಯಿತು. ಕೆಲವು ದಿನಗಳ ಮೇಲೆ, ಚೀಲಗಳನ್ನು ಒಯ್ದಿದ್ದ ಪೇಟೆಯಿಂದ ಆಕೆ ಫೋನು ಮಾಡಿದಾಗ ಹೊರಟೆ.

ವ್ಯಾಪಾರಿ ಕಾಯಿಯೊಂದನ್ನು ಮುರಿದು ಹಿಡಿದಿದ್ದ. ಒಳಗೆಲ್ಲ ಬೂದು.

“ಏನಬೇ ಶಾಂತವ್ವ, ಈ ಸಲ ಕಾಯ್ಯಾಗ ಬೂದಿ ತುಂಬಿ ತಂದೀ?”

ಸುತ್ತಲಿದ್ದವರು ನಕ್ಕರು. ಆಕೆ ನನ್ನತ್ತ ತಿರುಗಿದಳು.

“ನಾ ಹೇಳಿದ್ದಕ್ಕ ಹೊಡದಾಳ ಅಂತ ಒಂದು ಮಾತು ಹೇಳ್ರಿ, ಮಾಸ್ತರ್ರ. ಕಾಯಿ ಹೋದ್ರ ಹೋಗ್ಲಿ, ಹೆಸರರ ಉಳೀತೈತಿ.”

ನಾನು ತೇವಾಂಶದ ಬಗ್ಗೆ ಮಾತಾಡಿದೆ. ಕಾಯಿಯಲ್ಲಿ ನೀರು ಹೆಚ್ಚಾದರೆ ಬೂಷ್ಟು ಹೇಗೆ ಏಳುತ್ತದೆಂದು ತರಗತಿಯಲ್ಲಿ ವಿವರಿಸುವಂತೆ ವಿವರಿಸಿದೆ. ಈಚಲ ಹೆಸರೆತ್ತಲಿಲ್ಲ.

“ಅಂದ್ರ ತೂಕ ಬರ್ಲಿ ಅಂತ ಜಾಸ್ತಿ ನೀರು ಹೊಡದಾಳ. ಖರೇನ ಹೇಳಿದ್ರಿ ಸರ್,” ಎಂದ ವ್ಯಾಪಾರಿ.

ನಾನು ಆಗಲೂ ತಿದ್ದಬಹುದಿತ್ತು. ಶಾಂತವ್ವ ಚೀಲಗಳ ಬಾಯಿ ಕಟ್ಟತೊಡಗಿದಳು.

ಒಂದು ಫಲಿತಾಂಶ ಎಲ್ಲಿಯವರೆಗೆ ನಿಜ ಎಂದು ಹೇಳುವುದೂ ಪ್ರಯೋಗದ ಭಾಗವೆಂದು ಈ ವೃತ್ತಿ ನನಗೆ ಕಲಿಸಿತು. ಈಚಲ ಸಾರದ ಸಂಶೋಧನಾ ಪ್ರಬಂಧದ ಕೊನೆಯ ಪುಟದಲ್ಲಿ ಅದನ್ನು ಬರೆದೆ: ಪ್ರಯೋಗಾಲಯದ ಹೊರಗೆ ಪರೀಕ್ಷಿಸಿಲ್ಲ. ಅದೂ ಸುಳ್ಳು. ಆರು ಚೀಲಗಳಲ್ಲಿ ಪರೀಕ್ಷೆ ನಡೆದಿತ್ತು.